ಕೋಡಿ ಕೀಬೋರ್ಡ್ ಜೋಡಣಾ ಮೀಮಾಂಸೆ
ಅಥವಾ ಶಬ್ದ ಬಾರದಿರುವುದರ ಶಾಸ್ತ್ರ

ಪೀಠಿಕೆ

ಕರಾವಳಿಯ ವಿದ್ವಾಂಸರು ಯಕ್ಷಗಾನದ ತಿಟ್ಟುಗಳ ಬಗ್ಗೆ, ಭೂತಾರಾಧನೆಯ ಬಗ್ಗೆ, ಹೂವಿನ ಕೋಲಿನ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ಆದರೆ ಭಜನೆಯ ವೇದಿಕೆಯಲ್ಲಿ ಕೀಬೋರ್ಡಿಗೆ ವಯರು ಸಿಕ್ಕಿಸಲು ಶುರುಮಾಡಿದಲ್ಲಿಂದ ಮೊದಲ ಸ್ವರ ಹೊರಡುವ ತನಕ ನಡೆಯುವ ದೀರ್ಘ ವಿಧಿಯ ಕುರಿತು ಒಂದು ಮಹಾಪ್ರಬಂಧವೂ ನಮ್ಮ ಕಣ್ಣಿಗೆ ಬಿದ್ದಿಲ್ಲ. ಆ ಕೊರತೆಯನ್ನು ನೀಗಲು ಈ ಗ್ರಂಥ. ಇದರ ಸಿದ್ಧಾಂತ ಇಷ್ಟೇ: ಮೌನವೇ ಕೀಬೋರ್ಡಿನ ಸಹಜ ಸ್ಥಿತಿ. ಶಬ್ದ ಬರುವುದು ಅಪವಾದ. ಅದೂ ಸುತ್ತ ನೆರೆದವರು ಕೈ ಹಿಂದೆ ತೆಗೆದುಕೊಂಡ ಮೇಲೆ.

ಸ್ಥಳನಿರ್ಣಯ

ಕೋಡಿ ಎಂದರೆ ಯಾವ ಕೋಡಿ ಎಂಬಲ್ಲಿ ಭಿನ್ನಮತವಿದೆ. ಪಂಚಗಂಗಾವಳಿಗೂ ಅರಬ್ಬಿ ಸಮುದ್ರಕ್ಕೂ ನಡುವೆ ಸಿಕ್ಕಿಕೊಂಡಿರುವ, ದೀಪಸ್ತಂಭವೂ ಸೀ ವಾಕೂ ಇರುವ ಕೋಡಿ ಎಂದು ಕುಂದಾಪುರದವರು. ಸೀತೆ, ಸುವರ್ಣೆಯರು ಕಡಲು ಸೇರುವ ಕೋಡಿ ಬೆಂಗ್ರೆ ಎಂದು ಬ್ರಹ್ಮಾವರದ ಕಡೆಯವರು. ಯಾವುದಾದರೂ ನಮ್ಮ ಸಿದ್ಧಾಂತಕ್ಕೆ ಬಾಧಕವಿಲ್ಲ. ಎರಡು ಕಡೆಯೂ ಒಂದು ಬದಿ ಕಡಲು, ಒಂದು ಬದಿ ಹೊಳೆ, ನಡುವೆ ಉಪ್ಪುಗಾಳಿ. ಈ ಗಾಳಿಗೆ ಪಿನ್ನಿನ ಲೋಹದ ಮೇಲೆ ತೆಳುವಾದ ಪೊರೆ ಕಟ್ಟುತ್ತದೆ. ಪೊರೆ ಕಟ್ಟಿದಲ್ಲಿ ಕರೆಂಟು ತಡೆತಡೆದು ಹರಿಯುತ್ತದೆ, ಸ್ಪೀಕರು ಗರಗರ ಅನ್ನುತ್ತದೆ. ಘಟ್ಟದ ಮೇಲೆ ನೆಟ್ಟಗೆ ಬಾಳುವ ವಯರಿಗೆ ಕೋಡಿಯಲ್ಲಿ ಅಕಾಲ ಮುಪ್ಪು.

ಇತಿಹಾಸ

ಶ್ರುತಿಯಂತ್ರಗಳ ಪಾಡು ಮೊದಲಿನಿಂದಲೂ ಅಷ್ಟಕ್ಕಷ್ಟೆ. ಹಾರ್ಮೋನಿಯಂ 1940ರಿಂದ 1971ರವರೆಗೆ ಆಕಾಶವಾಣಿಯಿಂದ ಬಹಿಷ್ಕೃತವಾಗಿತ್ತು. ಕೋಟದ ಶಿವರಾಮ ಕಾರಂತರು ತಮ್ಮ ಯಕ್ಷಗಾನ ಪ್ರಯೋಗಗಳಿಗೆ ವಯೊಲಿನ್, ಸ್ಯಾಕ್ಸೊಫೋನ್ ತಂದಾಗ ವಾದ ನಡೆದದ್ದು ಅವು ಬೇಕೋ ಬೇಡವೋ ಎಂದು. ಅಡಾಪ್ಟರ್ ಎಲ್ಲಿ ಎಂದು ಯಾರೂ ಕೇಳಬೇಕಾಗಿರಲಿಲ್ಲ. 1983ರಲ್ಲಿ ಮಿಡಿ ಎಂಬ ಒಪ್ಪಂದ ಹುಟ್ಟಿ, ಬೇರೆ ಬೇರೆ ಕಂಪೆನಿಗಳ ಕೀಬೋರ್ಡುಗಳು ಐದು ಪಿನ್ನಿನ ವಯರಿನಲ್ಲಿ ಒಂದಕ್ಕೊಂದು ಮಾತಾಡತೊಡಗಿದವು. ಆ ಕಾಲದಲ್ಲಿ ಇಲ್ಲಿ ಯಕ್ಷಗಾನದ ಭಾಗವತ ಗುಂಡ್ಮಿ ಕಾಳಿಂಗ ನಾವಡರು (1958–1990) ಇಂಥ ಯಾವ ಒಪ್ಪಂದದ ಹಂಗೂ ಇಲ್ಲದೆ ರಾತ್ರಿಯನ್ನು ಬೆಳಗು ಮಾಡುತ್ತಿದ್ದರು. 2018ರಲ್ಲಿ ‘ಕೆಜಿಎಫ್’ ಸಿನೆಮಾ ಬಂತು, ಅದಕ್ಕೆ ಸಂಗೀತ ಕೊಟ್ಟ ರವಿ ಬಸ್ರೂರು ದೇಶಕ್ಕೆಲ್ಲ ಗೊತ್ತಾದರು. ಬಸ್ರೂರು ಇಲ್ಲೇ ಹತ್ತಿರ. ಆ ನೆರೆಹೊರೆಯ ನೆಲೆಯಲ್ಲಿ ಕೋಡಿಯ ಪ್ರತಿಯೊಬ್ಬ ನಾಗರಿಕನಿಗೂ ಕೀಬೋರ್ಡಿನ ಬಗ್ಗೆ ಅಭಿಪ್ರಾಯ ಹೇಳುವ ಜನ್ಮಸಿದ್ಧ ಹಕ್ಕು ಪ್ರಾಪ್ತವಾಯಿತು.

ಸೂತ್ರಗಳು ಮತ್ತು ಭಾಷ್ಯ

*ಸೂತ್ರ 1: ಮೊದಲು ನಿಲ್ಲಿಸು, ಆಮೇಲೆ ಸಿಕ್ಕಿಸು.* ಕೀಬೋರ್ಡ್ ಎಂದರೆ ಇಲ್ಲಿ 61 ಮನೆಯದು ಎಂದು ತಿಳಿಯತಕ್ಕದ್ದು. ಎಕ್ಸ್ ಸ್ಟ್ಯಾಂಡ್ ಕಳೆದ ಕಾರ್ಯಕ್ರಮದಲ್ಲೇ ಉಳಿದುಹೋಗಿದ್ದರೆ ಎರಡು ಪ್ಲಾಸ್ಟಿಕ್ ಕುರ್ಚಿ ಶಾಸ್ತ್ರಸಮ್ಮತ. ಕುರ್ಚಿಯಲ್ಲಿ ಅಧ್ಯಕ್ಷರು ಕೂತಿರಬಾರದು ಎಂಬುದು ಪಾಠಾಂತರ.

*ಸೂತ್ರ 2: ಅಡಾಪ್ಟರಿನ ಹೊಟ್ಟೆಯ ಮೇಲಿನ ಬರಹ ಓದದೆ ಚುಚ್ಚಬೇಡ.* ಯಮಹಾದ ಸಣ್ಣ ಕೀಬೋರ್ಡುಗಳು ಸಾಧಾರಣವಾಗಿ 12 ವೋಲ್ಟಿನವು, ಪಿನ್ನಿನ ನಡುವೆ ಧನ. ಕ್ಯಾಸಿಯೋದ ಹಳೆಯವು ಕೆಲವು 9 ವೋಲ್ಟಿನವು, ನಡುವೆ ಋಣ. ಪಿನ್ನು ಎರಡಕ್ಕೂ ಹೊಗುತ್ತದೆ ಎಂಬುದೇ ಅಪಾಯ. ‘ಹೊಕ್ಕಿತಲ್ಲ, ಸರಿಯೇ ಇರಬೇಕು’ ಎಂಬ ಪೂರ್ವಪಕ್ಷ ಸುಟ್ಟ ವಾಸನೆಯಿಂದ ಖಂಡಿತವಾಗಿದೆ.

*ಸೂತ್ರ 3: ತೂತು ಕಂಡಲ್ಲೆಲ್ಲ ಪಿನ್ನು ಹಾಕಬೇಡ.* ಹೆಡ್‌ಫೋನಿನ ತೂತಿಗೆ ಪಿನ್ನು ಹೊಕ್ಕೊಡನೆ ಕೀಬೋರ್ಡಿನ ಸ್ವಂತ ಸ್ಪೀಕರುಗಳು ಬಾಯಿ ಮುಚ್ಚುತ್ತವೆ. ಅದು ಕೆಟ್ಟದ್ದಲ್ಲ, ಅದರ ಧರ್ಮವೇ ಅದು. ಎಡ ಬಲ ಎರಡು ಔಟ್‌ಪುಟ್ ಇದ್ದು ಕೈಯಲ್ಲಿ ಒಂದೇ ವಯರಿದ್ದರೆ ‘ಎಲ್/ಮೊನೊ’ ಎಂದು ಬರೆದಲ್ಲಿ ಹಾಕಬೇಕು. ಬಲಕ್ಕೆ ಹಾಕಿದರೆ ಅರ್ಧ ಸಂಗೀತ ಕೀಬೋರ್ಡಿನ ಹೊಟ್ಟೆಯಲ್ಲೇ ಉಳಿಯುತ್ತದೆ. ಮಿಕ್ಸರಿನಲ್ಲಿ ಲೈನ್ ತೂತಿಗೆ ಹಾಕಬೇಕು. ಮೈಕಿನದಕ್ಕೆ ಹಾಕಿದರೆ ಕೊಳಲೂ ಶಂಖದ ಹಾಗೆ ಒಡೆದು ಕೇಳುತ್ತದೆ. ಇನ್ನು ಮಿಡಿಯ ತೂತು. ಅದರಲ್ಲಿ ಶಬ್ದ ಹರಿಯುವುದೇ ಇಲ್ಲ. ಯಾವ ಮನೆ ಒತ್ತಿದರು, ಎಷ್ಟು ಜೋರಾಗಿ ಒತ್ತಿದರು ಎಂಬ ಸುದ್ದಿ ಮಾತ್ರ ಸೆಕೆಂಡಿಗೆ 31,250 ಬಿಟ್ ವೇಗದಲ್ಲಿ ಹೋಗುತ್ತದೆ. ಕೋಡಿಯಲ್ಲಿ ಸುದ್ದಿ ಇದಕ್ಕಿಂತ ಬೇಗ ಹೋಗುತ್ತದೆ. ಅದಕ್ಕೆ ಪಿನ್ನೂ ಬೇಡ.

*ಸೂತ್ರ 4: ಹತ್ತುವಾಗ ಆಂಪ್ಲಿಫೈಯರ್ ಕೊನೆಗೆ, ಇಳಿಯುವಾಗ ಮೊದಲು.* ಮಿಕ್ಸರಿನ ಫೇಡರ್ ಇಳಿಸಿ, ವಯರು ಸಿಕ್ಕಿಸಿ, ಕೀಬೋರ್ಡ್ ಹಾಕಿ, ಕಟ್ಟಕಡೆಗೆ ಆಂಪ್ಲಿಫೈಯರ್. ತಿರುಗುಮುರುಗಾದರೆ ‘ಢಬ್’ ಎಂಬ ಒಂದಕ್ಷರದ ನಾಂದಿಯಾಗುತ್ತದೆ. ಸ್ಪೀಕರಿಗೆ ಅದೇ ಮಂಗಳವೂ ಆಗಬಹುದು.

*ಸೂತ್ರ 5: ಸ್ವಿಚ್ ಹಾಕುವಾಗ ಪೆಡಲಿನ ಮೇಲೆ ಕಾಲಿಡಬೇಡ.* ಹಲವು ಕೀಬೋರ್ಡುಗಳು ಆ ಗಳಿಗೆಯಲ್ಲಿ ಪೆಡಲ್ ಇರುವ ಸ್ಥಿತಿಯನ್ನೇ ‘ಒತ್ತದ ಸ್ಥಿತಿ’ ಎಂದು ನಂಬಿಬಿಡುತ್ತವೆ. ಆಮೇಲೆ ಒತ್ತಿದರೆ ಸ್ವರ ನಿಲ್ಲುತ್ತದೆ, ಬಿಟ್ಟರೆ ಕೊನೆಯಿಲ್ಲದೆ ಎಳೆಯುತ್ತದೆ. ಪರಿಹಾರ ಸುಲಭ: ಕಾಲು ತೆಗೆದು, ಆರಿಸಿ, ಮತ್ತೆ ಹಾಕುವುದು.

ಹುಂಕಾರ ವಿಚಾರ

ನಮ್ಮ ದೇಶದ ಕರೆಂಟು 230 ವೋಲ್ಟ್, 50 ಹರ್ಟ್ಸ್. ಕೀಬೋರ್ಡೂ ಅದರ ಬಾಲಕ್ಕಿರುವ ಲ್ಯಾಪ್‌ಟಾಪೂ ದೇವಸ್ಥಾನದ ಗೋಡೆಯಿಂದ, ಮಿಕ್ಸರು ಅಡುಗೆ ಶಾಲೆಯ ಬದಿಯಿಂದ ಕರೆಂಟು ತಗೊಂಡರೆ ಎರಡು ಅರ್ಥಿಂಗ್‌ಗಳ ನಡುವೆ ಸುತ್ತು ಕಟ್ಟಿ ಸ್ಪೀಕರು ‘ಹುಂ’ ಅನ್ನತೊಡಗುತ್ತದೆ. ಈ ಹುಂಕಾರದ ಶ್ರುತಿ ಯಾವುದು ಎಂದು ಹಿಂದಿನ ಆಚಾರ್ಯರು ವಿಚಾರಿಸಿಲ್ಲ, ನಾವು ವಿಚಾರಿಸಿದ್ದೇವೆ. ಕೀಬೋರ್ಡಿನ ಎಡತುದಿಯ ಆಚೆಗಿನ ಮಂದ್ರದಲ್ಲಿ ಬಿಳಿ ಐದು, ಎಂದರೆ ಐದನೆಯ ಬಿಳಿ ಮನೆ, 49 ಹರ್ಟ್ಸ್. ಹುಂಕಾರ ಅದಕ್ಕಿಂತ ಒಂದೇ ಹರ್ಟ್ಸ್ ಮೇಲೆ. ಎಂದರೆ ಬಿಳಿ ಐದರಲ್ಲಿ ಹಾಡುವವರಿಗೆ ತುಸು ಏರಿದ ತಂಬೂರಿ ಧರ್ಮಾರ್ಥ ಸಿಕ್ಕಿದಂತಾಯಿತು. ದುಬೈಯಲ್ಲಿರುವ ಕುಂದಾಪ್ರದವರಿಗೂ ಇದೇ ಭಾಗ್ಯ, ಅಲ್ಲೂ 50. ಅಮೆರಿಕದವರದು 60, ಅದು ಕಪ್ಪು ಐದಕ್ಕೂ ಬಿಳಿ ಏಳಕ್ಕೂ ನಡುವೆ ತ್ರಿಶಂಕುವಾಗಿ ನಿಲ್ಲುವುದರಿಂದ ಅಲ್ಲಿಯ ಭಜನೆಗೆ ಒದಗದು.

ನಿವಾರಣೆ: ಎಲ್ಲಕ್ಕೂ ಒಂದೇ ಬೋರ್ಡಿನಿಂದ ಕರೆಂಟು ಕೊಡುವುದು, ಇಲ್ಲವೇ ನಡುವೆ ಆ ಸುತ್ತನ್ನು ಕಡಿಯುವ ಡಿಐ ಬಾಕ್ಸ್ ಇಡುವುದು. ಅರ್ಥ್ ಪಿನ್ನನ್ನೇ ಕಿತ್ತು ಹುಂಕಾರ ನಿಲ್ಲಿಸುವ ಪಂಥವೊಂದುಂಟು. ಅದರಲ್ಲಿ ಹುಂಕಾರದ ಜೊತೆಗೆ ವಾದಕನೂ ನಿಂತುಹೋಗುವ ಸಂಭವವಿರುವುದರಿಂದ ತ್ಯಾಜ್ಯ.

ತಜ್ಞವರ್ಗೀಕರಣ

ಶಬ್ದ ಬಾರದ ಕೀಬೋರ್ಡಿನ ಸುತ್ತ ಸೇರುವ ತಜ್ಞರು ಮೂರು ಬಗೆ: ಗುದ್ದುವವರು, ಊದುವವರು, ತಿರುಪುವವರು. ಗುದ್ದುವವರ ಮತದಲ್ಲಿ ಸತ್ಯಾಂಶವಿದೆ. ಬಿರುಕುಬಿಟ್ಟ ಬೆಸುಗೆ ಪೆಟ್ಟಿಗೆ ಕೂಡಿಕೊಳ್ಳುವುದುಂಟು, ಮುಂದಿನ ಪೆಟ್ಟಿಗೆ ಪೂರ್ತಿ ಬಿಡುವುದೂ ಉಂಟು. ತಿರುಪುವವರ ಮತ ಇನ್ನೂ ಗಟ್ಟಿ. ಪಿನ್ನನ್ನು ತೂತಿನಲ್ಲೇ ನಾಲ್ಕು ಸುತ್ತು ತಿರುಗಿಸಿದರೆ ಮೇಲಿನ ಪೊರೆ ಸವೆದು ಆ ದಿನಕ್ಕೆ ಸಾಕಾಗುವಷ್ಟು ದಾರಿ ಬಿಡುತ್ತದೆ. ಊದುವವರು ಮಾತ್ರ ಮೊದಲೇ ಉಪ್ಪು ಕೂತ ತೂತಿಗೆ ಬಾಯಿಯ ಹಸಿಯನ್ನೂ ಸೇರಿಸುತ್ತಾರೆ. ಕೋಡಿಯಲ್ಲಿ ಬಹುಮತ ಇವರದೇ.

ಪ್ರಯೋಗ

ಒಂದು ಗಣೇಶೋತ್ಸವದ ಸಂಜೆ. ಮಂಡಳಿಯವರು ತಾಳ ಹಿಡಿದು ಕೂತಾಗಿದೆ. ಕೀಬೋರ್ಡಿನವರು ಒತ್ತುತ್ತಾರೆ, ಏನೂ ಇಲ್ಲ.

“ಹ್ವಾಯ್, ಶಬ್ದ ಬತ್ತಿಲ್ಲ ಮರ್ರೆ!”

“ವಯರ್ ಹೋಯ್ತ್ ಕಾಣಿ.”

“ಎರಡ್ ಗುದ್ದ್ ಕೊಡಿ, ಕಾಂಬ.”

ಕೀಬೋರ್ಡಿನವರು ಅರ್ಧಾರ್ಧ ನ್ಯಾಯವನ್ನು ಬಲ್ಲವರು. ಕೀಬೋರ್ಡಿಗೇ ಹೆಡ್‌ಫೋನ್ ಹಾಕಿ ನೋಡಬೇಕು. ಕೇಳಿದರೆ ದೋಷ ಆಚೆಗಿದೆ, ಕೇಳದಿದ್ದರೆ ಈಚೆಗಿದೆ. ಹಾಗೇ ಮಾಡಿ ತಲೆಯೆತ್ತಿದರು: “ಹೆಡ್‌ಫೋನಗೆ ಕೇಂತಿತ್ತ್.”

“ನಿಮ್ಗೊಬ್ರಿಗೆ ಕೇಂಡ್ರೆ ಸಾಕಾ? ಊರಿಗೆಲ್ಲ ಕೇಣ್ಕಲ್ದಾ?” ಎಂದರು ಅಧ್ಯಕ್ಷರು. ಒಬ್ಬನ ಪ್ರತ್ಯಕ್ಷವನ್ನು ಸಮಿತಿ ಪ್ರಮಾಣವೆಂದು ಒಪ್ಪುವುದಿಲ್ಲ.

ಮೂರು ಪಂಥಗಳೂ ಏಕಕಾಲಕ್ಕೆ ಕಾರ್ಯಪ್ರವೃತ್ತವಾದವು. ಅಷ್ಟರಲ್ಲಿ ಸೌಂಡ್ಸಿನವ ಚಾ ಮುಗಿಸಿ ಬಂದು, ಯಾರ ಮುಖವನ್ನೂ ನೋಡದೆ, ಮಿಕ್ಸರಿನಲ್ಲಿ ಕೆಂಪಗೆ ಉರಿಯುತ್ತಿದ್ದ ಮ್ಯೂಟ್ ಗುಂಡಿಯನ್ನು ಒತ್ತಿ ಆರಿಸಿದ. ಶಬ್ದ ಬಂತು. ಆದರೆ ಅಷ್ಟು ಹೊತ್ತು ಹತ್ತಾರು ಬೆರಳು ಓಡಾಡಿದ್ದರಿಂದ ವಾಲ್ಯೂಮು ತುತ್ತತುದಿಯಲ್ಲಿತ್ತು, ಟ್ರಾನ್ಸ್‌ಪೋಸ್ ಎರಡು ಮನೆ ಮೇಲೇರಿತ್ತು, ಗಜಾನನನ ಸ್ತುತಿಯ ಅಡಿಯಲ್ಲಿ ಡಿಸ್ಕೊ ತಾಳ ತಾನಾಗಿ ಬಡಿಯುತ್ತಿತ್ತು.

ಕಾರಣಮೀಮಾಂಸೆಯಲ್ಲಿ ಇಂದಿಗೂ ಒಮ್ಮತವಿಲ್ಲ. ಗುದ್ದಿದವರು ಗುದ್ದಿನಿಂದ ಎನ್ನುತ್ತಾರೆ, ಊದಿದವರು ಉಸಿರಿನಿಂದ ಎನ್ನುತ್ತಾರೆ. ಮ್ಯೂಟ್ ವಾದಕ್ಕೆ ಊರಿನಲ್ಲಿ ಅನುಯಾಯಿಗಳಿಲ್ಲ.

ಫಲಶ್ರುತಿ

ಇದನ್ನು ಕಾರ್ಯಕ್ರಮದ ಹಿಂದಿನ ದಿನ ಓದಿದವರಿಗೆ ಸರಿಯಾದ ಅಡಾಪ್ಟರು ಸಿಗುವುದು. ಕಾರ್ಯಕ್ರಮ ಮುಗಿದ ಮೇಲೆ ಓದಿದವರಿಗೆ ಬಾಡಿಗೆ ಕೊಡುವಾಗ ಸೈರಣೆ ಉಂಟಾಗುವುದು. ಆದರೆ ಶ್ರೇಷ್ಠ ಫಲ ಬೇಕೆಂಬವರು ಶಬ್ದ ಬಾರದಿರುವ ಹೊತ್ತಿನಲ್ಲೇ, ವೇದಿಕೆಯ ಮೇಲೆ, ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಪಾರಾಯಣ ಮಾಡತಕ್ಕದ್ದು. ಸಮಿತಿಯವರು ಗೌರವದಿಂದ ಕೈಕಟ್ಟಿ ಕೇಳುತ್ತಾರೆ. ಕೈಕಟ್ಟಿರುವಷ್ಟು ಹೊತ್ತು ಯಾರೂ ಯಾವ ಗುಂಡಿಯನ್ನೂ ಮುಟ್ಟುವುದಿಲ್ಲ. ಸೌಂಡ್ಸಿನವನ ಚಾ ಮುಗಿಯಲು ಅಷ್ಟು ಹೊತ್ತು ಧಾರಾಳ ಸಾಕು.