ಮೊದಲ ಸಾಲಿನ ಅಪ್ಪ

ಬೆಂಗಳೂರಿನ ಯಾವ ಬಡಾವಣೆಯ ಸಮುದಾಯ ಭವನದಲ್ಲಾದರೂ ಸರಿ, ಭಾನುವಾರ ಪೋಷಕರ ಸಮಾವೇಶವೆಂದು ಬ್ಯಾನರ್ ಕಟ್ಟಿದರೆ ಮೊದಲ ಸಾಲಿನಲ್ಲಿ ಈ ಅಪ್ಪ ಹಾಜರು. ಉಪ್ಪಿಟ್ಟು, ಕೇಸರಿಬಾತು ಮುಗಿಸಿ, ಪಕ್ಕದ ಕುರ್ಚಿಯ ಮೇಲೆ ಕರವಸ್ತ್ರ ಹಾಸಿರುತ್ತಾರೆ. ಅದು ಹೆಂಡತಿಗಲ್ಲ, ಬ್ಯಾಗಿಗೆ. ತಲೆಗೆ ನೀರು ಹಾಕಿಕೊಳ್ಳಲು ಆಕೆಗೆ ಪುರುಸೊತ್ತು ಸಿಗುವುದೇ ಭಾನುವಾರ. ಇಂಥಲ್ಲಿಗೆಲ್ಲ ಎಲ್ಲಿ ಬರುತ್ತಾರೆ?

ಕೈಯಲ್ಲಿ ಇನ್ನೂರು ಪುಟದ ನೋಟ್‌ಬುಕ್ಕು, ಎರಡು ಪೆನ್ನು. ತಜ್ಞರು ಹೇಳಿದ್ದಕ್ಕೆ ನೀಲಿ, ಮನೆಯಲ್ಲಿ ಜಾರಿಗೆ ತರಬೇಕಾದ್ದಕ್ಕೆ ಕೆಂಪು. ನೀಲಿಯದು ಮೂರನೇ ರೀಫಿಲ್ಲು. ಕೆಂಪಿನ ತುದಿಯ ಮೇಣದ ಹನಿ ಇನ್ನೂ ಉದುರಿಲ್ಲ.

ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಸೆಕ್ಷನ್ನು ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವುದನ್ನಷ್ಟೇ ಅಲ್ಲ, ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿದೆ ಎಂದು ಈ ಸಲ ವೇದಿಕೆಯಲ್ಲಿದ್ದ ವೈದ್ಯೆ ಹೇಳುತ್ತಿದ್ದಂತೆ ಹಿಂದಿನ ಸಾಲಿನ ತಾತನೊಬ್ಬರು, "ನಮ್ಮ ಮೇಷ್ಟ್ರು ಬಾಸುಂಡೆ ಬರೋ ಹಾಗೆ ಬಾರಿಸ್ತಿದ್ರು, ನಾವೇನು ಕೆಟ್ಟುಹೋದ್ವಾ?" ಅಂದರು. ಪ್ರತಿ ಸಮಾವೇಶಕ್ಕೂ ಇಂಥ ತಾತನೊಬ್ಬರು ಇರಲೇಬೇಕು. ಅವರ ಪಕ್ಕದಲ್ಲಿದ್ದ ಅಜ್ಜಿ ಮಾತ್ರ ಏನೂ ಹೇಳದೆ ಚಾವಣಿ ನೋಡಿದರು.

ಆಮೇಲೆ ಬಂತು ಮೊಬೈಲಿನ ವಿಷಯ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಲೆಕ್ಕ ಪರದೆಯ ಮೇಲೆ ಮೂಡಿತು: ವರ್ಷ ತುಂಬದ ಕೂಸಿಗೆ ಸ್ಕ್ರೀನ್ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಅಪ್ಪ ನೀಲಿಯಲ್ಲಿ ಎರಡು ಗೆರೆ ಎಳೆದರು. ಅಷ್ಟರಲ್ಲಿ ಜೇಬು ನಡುಗಿತು.

"ಅಮ್ಮಾ, ಮೀಟಿಂಗ್‌ನಲ್ಲಿದೀನಿ. ತುತ್ತು ನುಂಗ್ತಿಲ್ವಾ? ಟ್ಯಾಬ್ ಕೊಟ್ಬಿಡು. ಪಾಸ್‌ವರ್ಡಾ? ಒಂದು, ಎರಡು, ಮೂರು, ನಾಲ್ಕು."

ಪಿಸುಮಾತೇ. ಆದರೆ ಮೊದಲ ಸಾಲಿನ ಪಿಸುಮಾತು ಮೈಕಿಗೂ ಕೇಳುತ್ತದೆ.

ಮೊಬೈಲು, ಇಂಟರ್ನೆಟ್ಟಿನ ಗೀಳು ಬಿಡಿಸಲೆಂದೇ ನಿಮ್ಹಾನ್ಸ್ 2014ರಲ್ಲಿ 'ಶಟ್' ಕ್ಲಿನಿಕ್ ತೆರೆಯಿತು ಎಂದು ವೈದ್ಯೆ ನಗು ತಡೆದುಕೊಂಡು ಮುಂದುವರಿಸಿದರು. "ಅಪ್ಪಂದಿರನ್ನೂ ಸೇರಿಸ್ಕೋತಾರಾ ಮೇಡಂ?" ಎಂದು ಯಾರೋ ಹೆಂಗಸು ಕೇಳಿದರು. ಆ ಹೊತ್ತಿನ ದೊಡ್ಡ ಚಪ್ಪಾಳೆ ಬಿದ್ದದ್ದು ಅದಕ್ಕೇ.

ಪ್ರಶ್ನೋತ್ತರಕ್ಕೆ ಮೊದಲು ಎದ್ದ ಕೈ ಯಾರದೆಂದು ಬೇರೆ ಹೇಳಬೇಕೆ? "ಇದು ನಂದಲ್ಲ ಮೇಡಂ, ಸ್ನೇಹಿತರೊಬ್ಬರ ಮಗನ ವಿಷಯ. ಹಟ ಅಂದ್ರೆ ಹಟ."

"ಎಷ್ಟು ವಯಸ್ಸು?"

"ಬರೋ ಯುಗಾದಿಗೆ ನಮ್ಮ ಪುಟ್ಟಂಗೆ ನಾಲ್ಕು... ಅಂದ್ರೆ, ಅವರ ಪುಟ್ಟಂಗೆ."

ಮಗು ಎಷ್ಟು ಹೊತ್ತಿಗೆ ಮಲಗುತ್ತದೆ ಎಂದು ವೈದ್ಯೆ ಕೇಳಿದರು. ಅಪ್ಪ ನೋಟ್‌ಬುಕ್ ತಿರುವಿದರು. ಮೂರು, ನಾಲ್ಕು ವರ್ಷದ ಮಕ್ಕಳಿಗೆ 10ರಿಂದ 13 ಗಂಟೆ ನಿದ್ದೆ ಬೇಕೆಂದು ಕಳೆದ ಸಮಾವೇಶದಲ್ಲಿ ಬರೆದುಕೊಂಡದ್ದು ಸಿಕ್ಕಿತು. ಪುಟ್ಟ ಮಲಗುವ ಹೊತ್ತು ಯಾವ ಪುಟದಲ್ಲೂ ಇರಲಿಲ್ಲ.

ಊಟದ ಸಾಲಿನಲ್ಲಿ ನಿಂತು ಅವರು ವೇದಿಕೆಯ ಫೋಟೋವನ್ನು ಮನೆಯ ಗ್ರೂಪಿಗೆ ಹಾಕಿದರು. ಬಿಸಿಬೇಳೆಬಾತು ತಟ್ಟೆಗೆ ಬೀಳುವ ಮೊದಲೇ ಅಮ್ಮನ ಉತ್ತರ ಬಂತು: "ಊಟ ಆಯ್ತು. ಟ್ಯಾಬ್ ಚಾರ್ಜರ್ ಎಲ್ಲಿಟ್ಟಿದೀಯಾ?"