ಸುಳಿ ನನ್ನದು, ಬೂಷ್ಟು ಕಾಲದ್ದು: ಒಂದು ಹಳೆಯ ಲೆನ್ಸಿನ ಕಾಲ್ಪನಿಕ ಸಂದರ್ಶನ

ಹಳೆಯ ಮ್ಯಾನುಯಲ್ ಫೋಕಸ್ ಲೆನ್ಸುಗಳಿಗೆ ಈಗ ಶುಕ್ರದೆಸೆ. ಫಿಲ್ಮ್ ಕ್ಯಾಮೆರಾಗಳ ಜೊತೆ ಅಟ್ಟ ಸೇರಿದ್ದ ಗಾಜೆಲ್ಲ ಕೆಳಗಿಳಿದು ಹೊಸ ಮಿರರ್‌ಲೆಸ್ ಕ್ಯಾಮೆರಾಗಳ ಮೂತಿಗೆ ಬಂದು ಕೂತಿದೆ. ಕೊಳ್ಳುವವರು ‘ಕ್ಯಾರೆಕ್ಟರ್’ ಅನ್ನುತ್ತಾರೆ, ಮಾರುವವರು ‘ಅಪರೂಪದ ಪೀಸು’ ಅನ್ನುತ್ತಾರೆ, ಮದುವೆ ಆಲ್ಬಂ ಮಾಡುವವರು ‘ಸಿನಿಮ್ಯಾಟಿಕ್’ ಅನ್ನುತ್ತಾರೆ. ಲೆನ್ಸಿನ ಅಭಿಪ್ರಾಯವನ್ನು ಮಾತ್ರ ಯಾರೂ ಕೇಳಿದಂತಿಲ್ಲ. ಈ ಕೊರತೆ ನೀಗಿಸಲು ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ಒಂದು ಸ್ಟುಡಿಯೊವನ್ನು ಕಲ್ಪಿಸಿಕೊಂಡು, ಅದರ ಗಾಜಿನ ಕಪಾಟಿನಲ್ಲಿ ಮಾರಾಟಕ್ಕೆ ಕೂತ ಹೀಲಿಯೋಸ್ 44-2 ಎಂಬ ಸೋವಿಯತ್ ಹಿರಿಯರನ್ನು ಮಾತಾಡಿಸಲಾಯಿತು. ಝೆನಿತ್ ಕ್ಯಾಮೆರಾದ ಜೊತೆ ಲಕ್ಷಗಟ್ಟಲೆ ತಯಾರಾದ ವಂಶ, 58 ಎಂ.ಎಂ., ಎಫ್/2, ಒಳಗೆ ಆರು ಗಾಜು, ಎಂಟು ಅಪರ್ಚರ್ ಬ್ಲೇಡು. ಸೀರಿಯಲ್ ನಂಬರು 77ರಿಂದ ಶುರುವಾಗುವುದರಿಂದ 1977ರ ಜನನ ಎಂದು ನಂಬಬಹುದು. ಅಷ್ಟು ಲಕ್ಷ ಜನ ಬಂಧುಗಳಿರುವವರು ‘ಅಪರೂಪ’ ಹೇಗಾದರು ಎಂಬ ಅನುಮಾನದೊಂದಿಗೇ ಮಾತು ಆರಂಭವಾಯಿತು.

ಪ್ರಶ್ನೆ: ಯಜಮಾನರೇ, ನಿಮ್ಮ ಹೆಸರು ಹೇಳಿದರೆ ಜನ ಮೊದಲು ಎತ್ತುವುದೇ ಆ ಸುಳಿಯ ಮಾತು. ನಡುವೆ ಮುಖ ಸ್ಥಿರವಾಗಿ ನಿಲ್ಲುತ್ತದೆ, ಹಿಂದಿನ ಎಲೆಗಳೆಲ್ಲ ಅದರ ಸುತ್ತ ಗಿರಗಿರ ತಿರುಗಿದಂತೆ ಕಾಣುತ್ತವೆ. ಇದು ನಿಮ್ಮ ಪ್ರತಿಭೆಯೇ?

ಹೀಲಿಯೋಸ್: ಪ್ರತಿಭೆಯಲ್ಲ, ತೀರದೆ ಉಳಿದ ಲೆಕ್ಕ. ನನ್ನ ವಿನ್ಯಾಸ ಜರ್ಮನಿಯ ಯೆನಾದಲ್ಲಿ ಕಾರ್ಲ್ ಝೈಸ್‌ನವರು ಮಾಡಿದ ಬಯೋಟಾರ್‌ನಿಂದ ಬಂದದ್ದು. ಚಿಕ್ಕ ಮೈಯಲ್ಲಿ ಎಫ್/2 ಬೆಳಕು ಹಿಡಿಸಬೇಕು ಅಂತ ಹೊರಟಾಗ ಅಂಚಿನಲ್ಲಿ ಕೆಲವು ದೋಷ ಉಳಿದವು. ಚೌಕಟ್ಟಿನ ಮೂಲೆಗೆ ಓರೆಯಾಗಿ ಬರುವ ಬೆಳಕನ್ನು ನನ್ನ ಕೊಳವೆಯೇ ಸ್ವಲ್ಪ ಕತ್ತರಿಸುತ್ತೆ. ಹಾಗಾಗಿ ಗುಂಡಗಿರಬೇಕಾದ ಬೆಳಕಿನ ಚುಕ್ಕೆ ಬಾದಾಮಿ ಆಕಾರ ಆಗುತ್ತೆ. ಫೋಕಸ್ ಆಗುವ ತಲವೂ ಸಪಾಟಾಗಿಲ್ಲ, ಬಾಗಿದೆ. ಇವೆರಡೂ ಸೇರಿ ಆ ಬಾದಾಮಿಗಳು ನಡುವಿನ ಸುತ್ತ ಸಾಲಾಗಿ ನಿಂತರೆ ನೀವು ಅದನ್ನ ಸುಳಿ ಅಂತೀರಿ. ಅದಕ್ಕೂ ಷರತ್ತಿದೆ: ಹಿಂದೆ ಎಲೆಗಳ ಸಂದಿಯಿಂದ ಆಕಾಶ ಇಣುಕುತ್ತಿರಬೇಕು, ಮರ ಆಳಿನಿಂದ ಕೆಲವು ಮೀಟರ್ ಹಿಂದಿರಬೇಕು. ಕಾಂಪೌಂಡ್ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ ‘ಸುಳಿ ಬರಲಿಲ್ಲ’ ಅಂದರೆ ನಾನು ಸುಣ್ಣವನ್ನ ತಿರುಗಿಸಲೇ? ಇನ್ನೊಂದು ತಮಾಷೆ ನೋಡ್ರಿ. ಸುಳಿ ಇರೋದು ಅಂಚಿನಲ್ಲಿ. ಕೊಳ್ಳುವವರಲ್ಲಿ ಬಹಳಷ್ಟು ಜನರ ಕ್ಯಾಮೆರಾದಲ್ಲಿರೋದು ಎಪಿಎಸ್-ಸಿ ಅನ್ನೋ ಚಿಕ್ಕ ಸೆನ್ಸರು. ಅದು ನನ್ನ ಚಿತ್ರದ ನಡುಭಾಗ ಮಾತ್ರ ತಗೊಂಡು ಅಂಚನ್ನ ಬಿಟ್ಟುಬಿಡುತ್ತೆ. ಅಂದರೆ ಅವರು ಯಾವುದಕ್ಕೆ ಹೆಚ್ಚಿನ ದುಡ್ಡು ಕೊಟ್ಟರೋ ಅದನ್ನೇ ಅವರ ಕ್ಯಾಮೆರಾ ಹೊರಗೆ ಹಾಕುತ್ತೆ.

ಪ್ರಶ್ನೆ: ಅಂದರೆ ದೋಷವನ್ನೇ ಗುಣ ಎಂದು ಮಾರುತ್ತಿದ್ದಾರೆ ಎನ್ನುತ್ತೀರಿ. ಆದರೆ ಕಲೆಯಲ್ಲಿ ದೋಷಕ್ಕೂ ಒಂದು ಸ್ಥಾನವಿದೆಯಲ್ಲ? ಎಲ್ಲವೂ ಅಂಚಿನಿಂದ ಅಂಚಿಗೆ ಚೂಪಾಗಿದ್ದರೆ ಭಾವಚಿತ್ರ ಆಧಾರ್ ಕಾರ್ಡಿನ ಫೋಟೊ ಆಗುವುದಿಲ್ಲವೇ?

ಹೀಲಿಯೋಸ್: ದೋಷಕ್ಕೆ ಸ್ಥಾನ ಇದೆ, ಅದಕ್ಕೇ ಅದು ಯಾರ ದೋಷ ಅಂತ ಮೊದಲು ಕೇಳಬೇಕು. ಒಂದು ಹಳೆಯ ಲೆನ್ಸಿನಲ್ಲಿ ಮೂರು ಮೂಲದ ದೋಷ ಇರುತ್ತೆ. ವಿನ್ಯಾಸದ್ದು ಒಂದು: ನನ್ನ ಸುಳಿ, ಪೂರ್ತಿ ತೆರೆದಾಗಿನ ನಸುಮೃದು ಅಂಚು. ಇದು ಹೇಳಿದಂತೆ ಕೇಳುತ್ತೆ. ಅಪರ್ಚರನ್ನ ಎಫ್/4ಕ್ಕೆ ಮುಚ್ಚಿದರೆ ಬಹುಪಾಲು ಹೋಗುತ್ತೆ, ತೆರೆದರೆ ವಾಪಸು ಬರುತ್ತೆ. ಬೇಕಾದಾಗ ಬಳಸಿ, ಬೇಡವಾದಾಗ ಬಿಡಬಹುದು. ಕಾಲದ್ದು ಇನ್ನೊಂದು: ಒಳಗೆ ಹಬ್ಬಿದ ಬೂಷ್ಟು, ಗಾಜಿನ ಮೇಲೆ ಕೂತ ಮಬ್ಬು, ಎರಡು ಗಾಜನ್ನ ಅಂಟಿಸಿದ ಅಂಟು ಬಿಡೋದು, ಗಟ್ಟಿಯಾದ ಗ್ರೀಸು. ಇದು ನಿಮ್ಮ ಮಾತು ಕೇಳಲ್ಲ. ಪ್ರತಿ ಚಿತ್ರದಲ್ಲೂ ಇರುತ್ತೆ, ವರ್ಷ ಹೋದಂತೆ ಬೆಳೆಯುತ್ತೆ. ಮೂರನೆಯದು ಮಾರುವವನ ನಾಲಿಗೆಯದ್ದು. ಎರಡನೆಯದನ್ನ ಮೊದಲನೆಯದರ ಹೆಸರಲ್ಲಿ ಮಾರೋದೇ ಅದರ ಕೆಲಸ. ಮಬ್ಬು ಹಿಡಿದ ಗಾಜಿಗೆ ‘ಡ್ರೀಮಿ ಲುಕ್’ ಅನ್ನೋದು, ಸೀದ ದೋಸೆ ತಂದಿಟ್ಟು ಇದು ನಮ್ಮ ಹೋಟೆಲಿನ ಸ್ಪೆಷಲ್ ಅಂದಂತೆ. ವಿನ್ಯಾಸದ ದೋಷಕ್ಕೆ ದುಡ್ಡು ಕೊಡೋದು ರುಚಿ. ಕಾಲದ ದೋಷಕ್ಕೆ ಅದೇ ದುಡ್ಡು ಕೊಡೋದು ಮರುಳು. ಹಳೆಯ ಲೆನ್ಸ್ ಆರಿಸೋ ವಿದ್ಯೆ ಅಂದರೆ ಇವೆರಡನ್ನ ಬೇರೆ ಮಾಡೋದು, ಅಷ್ಟೇ.

ಪ್ರಶ್ನೆ: ಬೇರೆ ಮಾಡುವುದು ಹೇಗೆ? ಅಂಗಡಿಯ ಟೇಬಲ್ಲಿನ ಮೇಲಿಟ್ಟರೆ ಎಲ್ಲ ಲೆನ್ಸೂ ಫಳಫಳ ಹೊಳೆಯುತ್ತವೆ.

ಹೀಲಿಯೋಸ್: ಮೊಬೈಲಿನ ಟಾರ್ಚ್ ಸಾಕು. ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಓರೆಯಾಗಿ ಬೆಳಕು ಬಿಟ್ಟು ಮುಂದಿನಿಂದ ನೋಡಿ. ಧೂಳಿನ ಕಣ ಚುಕ್ಕೆಚುಕ್ಕೆಯಾಗಿ ಕಾಣುತ್ತೆ. ಅದಕ್ಕೆ ಹೆದರಬೇಡಿ, ಚಿತ್ರದಲ್ಲಿ ಬರಲ್ಲ. ಜೇಡರ ಬಲೆಯಂತೆ ಕವಲೊಡೆದ ಎಳೆ ಕಂಡರೆ ಅದು ಬೂಷ್ಟು. ಇಡೀ ಗಾಜು ಹಾಲು ಕಲಸಿದಂತೆ ಬೆಳ್ಳಗಾದರೆ ಮಬ್ಬು. ಕಿಟಕಿಗೆ ಎದುರಾಗಿ ಚಿತ್ರ ತೆಗೆದರೆ ಕಪ್ಪೆಲ್ಲ ಬೂದಿ ಆಗುತ್ತೆ. ಮುಂದಿನ ಗಾಜಿನ ಒಂದು ಗೀರಿಗೆ ಜನ ಬೆಚ್ಚಿಬೀಳುತ್ತಾರೆ, ಹಿಂದಿನ ಗಾಜಿನ ಗೀರನ್ನ ನೋಡೋದೇ ಇಲ್ಲ; ನಿಜಕ್ಕೂ ಹೆಚ್ಚು ಕಾಡೋದು ಹಿಂದಿನದು. ಆಮೇಲೆ ಫೋಕಸ್ ರಿಂಗನ್ನ ಈ ಕೊನೆಯಿಂದ ಆ ಕೊನೆಗೆ ತಿರುಗಿಸಿ. ಬಿಗಿಯಾಗಿದ್ದರೆ ಗ್ರೀಸು ಒಣಗಿದೆ, ಗಡಗಡ ಅಲ್ಲಾಡಿದರೆ ಯಾರೋ ಬಿಚ್ಚಿ ಸರಿಯಾಗಿ ಕೂರಿಸಿಲ್ಲ. ಬ್ಲೇಡಿನ ಮೇಲೆ ಎಣ್ಣೆ ಇದ್ದರೆ ನನ್ನಂಥವನಲ್ಲಿ ಅಷ್ಟು ತೊಂದರೆಯಿಲ್ಲ, ಯಾಕಂದರೆ ನನ್ನದು ಕೈಯಲ್ಲಿ ತಿರುಗಿಸೋ ಪ್ರೀಸೆಟ್ ರಿಂಗು; ಕ್ಯಾಮೆರಾವೇ ಥಟ್ಟನೆ ಮುಚ್ಚಬೇಕಾದ ಲೆನ್ಸಿನಲ್ಲಿ ಅದೇ ಎಣ್ಣೆ ಬ್ಲೇಡನ್ನ ಅಂಟಿಸಿಬಿಡುತ್ತೆ. ಲೆನ್ಸ್ ಎಲ್ಲಿಂದ ಬಂತು ಅಂತಲೂ ಕೇಳಿ. ಬಯಲುಸೀಮೆಯ ಒಣಹವೆಯಲ್ಲಿದ್ದ ಗಾಜಿಗಿಂತ ಆಗುಂಬೆ ಕಡೆಯ ಮಳೆ ಕಂಡ ಗಾಜಿಗೆ ಬೂಷ್ಟು ಬೇಗ. ‘ಒರಿಜಿನಲ್ ಚರ್ಮದ ಚೀಲದ ಸಮೇತ’ ಅಂದರೆ ಇನ್ನೂ ಹುಷಾರು. ಚರ್ಮ ತೇವ ಹಿಡಿದಿಡುತ್ತೆ, ಬೂಷ್ಟಿಗೆ ಅದು ತವರುಮನೆ. ವಾಸಿಯಾಗುವ ಕಾಯಿಲೆಯೂ ಒಂದಿದೆ. ಪೆಂಟಾಕ್ಸ್‌ನ ಕೆಲವು 50 ಎಂ.ಎಂ. ಎಫ್/1.4 ಟಕುಮಾರ್‌ಗಳಲ್ಲಿ ಥೋರಿಯಂ ಬೆರೆಸಿದ ಗಾಜಿದೆ, ವರ್ಷಗಳು ಕಳೆದಂತೆ ಅದು ಚಹದ ಬಣ್ಣಕ್ಕೆ ತಿರುಗುತ್ತೆ. ಹಿಂದೆ ಅಲ್ಯೂಮಿನಿಯಂ ಹಾಳೆ ಇಟ್ಟು, ಬೆಂಕಿ ಹತ್ತದಂತೆ ನೋಡಿಕೊಂಡು, ಕೆಲವು ದಿನ ಬಿಸಿಲಿಗಿಟ್ಟರೆ ತಿಳಿಯಾಗುತ್ತೆ. ದಾವಣಗೆರೆಯಲ್ಲಿ ಏಪ್ರಿಲ್ ಬಿಸಿಲಿಗೆ ಯಾರೂ ಬಿಲ್ ಕೊಡಲ್ಲ.

ಪ್ರಶ್ನೆ: ಹೆಸರಿಗೆ ಬರೋಣ. ಭಾವಚಿತ್ರಕ್ಕೆ 85 ಅಥವಾ 105 ಎಂ.ಎಂ. ಲೆನ್ಸೇ ರಾಜ ಎನ್ನುತ್ತಾರೆ. 1985ರ ಜೂನ್ ತಿಂಗಳ ನ್ಯಾಷನಲ್ ಜಿಯಾಗ್ರಫಿಕ್ ಮುಖಪುಟದ ಆ ಅಫ್ಘನ್ ಹುಡುಗಿಯ ಚಿತ್ರವನ್ನು ಸ್ಟೀವ್ ಮೆಕರಿ ತೆಗೆದದ್ದು ನಿಕ್ಕಾರ್ 105 ಎಂ.ಎಂ. ಎಫ್/2.5ರಲ್ಲಿ. ನಿಮ್ಮ 58ಕ್ಕೆ ಆ ಯೋಗ್ಯತೆ ಇದೆಯೇ?

ಹೀಲಿಯೋಸ್: ಆ ನಿಕ್ಕಾರ್ ನನಗಿಂತ ಒಳ್ಳೆಯ ಲೆನ್ಸು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಮುಖಪುಟದಲ್ಲಿ ಜನ ನೆನಪಿಟ್ಟದ್ದು ಕಣ್ಣನ್ನ. ಅದು ಲೆನ್ಸಿನ ಡಬ್ಬಿಯಲ್ಲಿ ಬರಲ್ಲ. ಹೆಸರು ಬಿಟ್ಟು ನಿಮ್ಮ ಹಾಲ್‌ನ ಅಳತೆ ಹೇಳಿ. ಮುಖದ ಆಕಾರ ಹೇಗೆ ಕಾಣಬೇಕು ಅನ್ನೋದನ್ನ ತೀರ್ಮಾನಿಸೋದು ನೀವು ನಿಂತ ದೂರ. ಅರ್ಧ ಮೀಟರಿನಿಂದ ತೆಗೆದರೆ ಯಾವ ರಾಜನ ಲೆನ್ಸಾದರೂ ಮೂಗು ಮುಂದೆ ಬರುತ್ತೆ. ಒಂದೂವರೆ ಮೀಟರಿಗೆ ಹೋದರೆ ಮುಖ ಮುಖದ ಹಾಗಿರುತ್ತೆ. ಎಪಿಎಸ್-ಸಿ ಕ್ಯಾಮೆರಾದಲ್ಲಿ ನನ್ನ 58 ಎಂ.ಎಂ., ಹಳೆಯ ಫಿಲ್ಮಿನಷ್ಟೇ ದೊಡ್ಡ ಸೆನ್ಸರಿರೋ ಫುಲ್ ಫ್ರೇಮಿನ 87ಕ್ಕೆ ಸಮ. ತಲೆಯಿಂದ ಎದೆವರೆಗಿನ ಚಿತ್ರಕ್ಕೆ ಸುಮಾರು ಒಂದೂವರೆ ಮೀಟರ್, ನಿಂತ ಆಳಿನ ಪೂರ್ತಿ ಚಿತ್ರಕ್ಕೆ ಸುಮಾರು ಐದು ಮೀಟರ್ ಸಾಕು. ಅದೇ ಕ್ಯಾಮೆರಾಕ್ಕೆ 105 ಹಾಕಿದರೆ ಪೂರ್ತಿ ಆಳಿಗೆ ಒಂಬತ್ತು ಮೀಟರ್ ಬೇಕು. ಈ ಬಡಾವಣೆಯ ಎಷ್ಟು ಮನೆಯ ಹಾಲ್ ಒಂಬತ್ತು ಮೀಟರ್ ಇದೆ ಹೇಳ್ರಿ? ಮದುಮಗಳು ಒಳಗೆ, ಫೋಟೊಗ್ರಾಫರ್ ಎದುರುಮನೆ ಜಗಲಿ ಮೇಲೆ. ಫುಲ್ ಫ್ರೇಮ್ ಇದ್ದು ತೋಟ, ಅಂಗಳ ಇರೋರಿಗೆ 105 ಸರಿ. ಉಳಿದವರಿಗೆ 50ರಿಂದ 58. ಯಾಶಿಕಾ, ಪೆಂಟಾಕ್ಸ್ ಕೆ1000 ಕ್ಯಾಮೆರಾಗಳ ಜೊತೆ ಬರುತ್ತಿದ್ದ ಸಾಧಾರಣ 50 ಎಂ.ಎಂ. ಕೂಡ ಈ ಕೆಲಸಕ್ಕೆ ಸಾಕು. ಅದಕ್ಕೆ ದಂತಕಥೆ ಇಲ್ಲ, ಅದಕ್ಕೇ ಬೆಲೆಯೂ ಏರಿಲ್ಲ.

ಪ್ರಶ್ನೆ: ಅರ್ಧ ಶತಮಾನದ ಹಿಂದಿನ ನೀವು ಹೊಸ ಕ್ಯಾಮೆರಾಕ್ಕೆ ಹೊಂದಿಕೊಳ್ಳುತ್ತೀರೆಂದರೆ ಅದಕ್ಕೊಂದು ದುಬಾರಿ ಅಡಾಪ್ಟರ್ ಬೇಕೇ?

ಹೀಲಿಯೋಸ್: ಬೇಡ. ಹಳೆಯ ಎಸ್‌ಎಲ್‌ಆರ್‌ನಲ್ಲಿ ಕನ್ನಡಿ ಏಳೋಕೆ ಜಾಗ ಬೇಕಿತ್ತು, ಹಾಗಾಗಿ ನನ್ನ ಎಂ42 ತಿರುಪಿನ ಮೌಂಟಿನಿಂದ ಫಿಲ್ಮಿಗೆ 45.46 ಎಂ.ಎಂ. ಅಂತರ. ಕನ್ನಡಿ ತೆಗೆದ ಮೇಲೆ ಸೋನಿ ಇ ಮೌಂಟಿನಲ್ಲಿ ಅದು 18, ಕ್ಯಾನನ್ ಆರ್‌ಎಫ್‌ನಲ್ಲಿ 20, ನಿಕಾನ್ ಝಡ್‌ನಲ್ಲಿ 16 ಆಯಿತು. ಉಳಿದ ಅಂತರ ತುಂಬೋಕೆ ಬೇಕಾದ್ದು ಗಾಜಿಲ್ಲದ ಒಂದು ಟೊಳ್ಳು ಲೋಹದ ಬಳೆ. ಶುದ್ಧ ಲೇತ್ ಕೆಲಸ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತುಗಳನ್ನ ಮಾಡಿದ ಹರಿಹರ ಪಕ್ಕದಲ್ಲೇ ಇದೆ. ಅಲ್ಲಿನ ಹಳೆಯ ಟರ್ನರ್ ಒಬ್ಬರಿಗೆ ತೋರಿಸಿದರೆ ಇದಕ್ಕೆ ಇಷ್ಟು ಗಲಾಟೆಯೇ ಅಂದಾರು. ಎರಡು ಮುಖ ಸಮಾನಾಂತರ ಇರಬೇಕು, ಉದ್ದ ಹೆಚ್ಚಾಗಬಾರದು. ಹೆಚ್ಚಾದರೆ ದೂರದ ಬೆಟ್ಟ ಎಂದೂ ಫೋಕಸ್ ಆಗಲ್ಲ. ನಿಕಾನಿನ ಹಳೆಯ ಡಿಎಸ್‌ಎಲ್‌ಆರ್ ಇರೋರು ಮಾತ್ರ ನನ್ನನ್ನ ಮುಟ್ಟಬೇಡಿ. ಅದರ ಅಂತರ 46.5, ನನಗಿಂತ ಜಾಸ್ತಿ. ಅಡಾಪ್ಟರಿಗೆ ಗಾಜು ಸೇರಿಸಬೇಕಾಗುತ್ತೆ, ಆ ಅಗ್ಗದ ಗಾಜು ನನ್ನ ಮಾನ ಕಳೆಯುತ್ತೆ. ಕ್ಯಾಮೆರಾದ ಮೆನುವಿನಲ್ಲಿ ಲೆನ್ಸ್ ಇಲ್ಲದಿದ್ದರೂ ಶಟರ್ ಹೊಡೆಯುವಂತೆ ಒಂದು ಅನುಮತಿ ಕೊಡಬೇಕು. ಇಷ್ಟು ವಯಸ್ಸಿನವನು ಬಂದು ಎದುರಿಗೇ ಕೂತರೂ ಅದರ ಲೆಕ್ಕದಲ್ಲಿ ಅಲ್ಲಿ ಯಾರೂ ಇಲ್ಲ.

ಪ್ರಶ್ನೆ: ಇಷ್ಟೆಲ್ಲ ಯಾಕೆ? ಫೋನಿನ ಪೋರ್ಟ್ರೇಟ್ ಮೋಡ್ ಹಿನ್ನೆಲೆಯನ್ನು ಒಂದು ಬೆರಳಿನಲ್ಲಿ ಮಸುಕು ಮಾಡುತ್ತದೆ. ಹೊಸ ಆಟೊಫೋಕಸ್ ಲೆನ್ಸು ಕಣ್ಣನ್ನೇ ಹುಡುಕಿ ಹಿಡಿಯುತ್ತದೆ. ನಿಮ್ಮದು ಬರೀ ಹಳೆಯದರ ಹುಚ್ಚು ಎಂದರೆ?

ಹೀಲಿಯೋಸ್: ಅರ್ಧ ಒಪ್ಪುತ್ತೇನೆ. ಧಾರೆಯ ಹೊತ್ತಿಗೆ ನನ್ನನ್ನ ಹಾಕಿಕೊಂಡು ಹೋದವನಿಗೆ ಮುಹೂರ್ತ ತಪ್ಪುತ್ತೆ. ಒಂದೂವರೆ ಮೀಟರ್ ದೂರದಲ್ಲಿ ಎಫ್/2ಕ್ಕೆ ತೆರೆದರೆ ನನ್ನಲ್ಲಿ ಚೂಪಾಗಿ ಬರೋ ಆಳ ಸುಮಾರು ಐದು ಸೆಂಟಿಮೀಟರ್. ಹತ್ತಿರದ ಕಣ್ಣು ಸಿಕ್ಕರೆ ಕಿವಿ ಕೈಬಿಡುತ್ತೆ. ಅಕ್ಷತೆ ಹಾಕೋ ಗದ್ದಲದಲ್ಲಿ ಯಾರು ಐದು ಸೆಂಟಿಮೀಟರ್ ಅಲ್ಲಾಡದೆ ನಿಲ್ಲುತ್ತಾರೆ? ಅಲ್ಲಿ ಆಟೊಫೋಕಸ್ಸೇ ಸರಿ. ಫೋನಿನ ಮಾತಿಗೆ ಮಾತ್ರ ನನ್ನ ತಕರಾರಿದೆ. ಅದು ಆಳವನ್ನ ಊಹಿಸಿ ಮುಖದ ಸುತ್ತ ಕತ್ತರಿ ಆಡಿಸುತ್ತೆ. ಮುಡಿದ ಮಲ್ಲಿಗೆ ದಂಡೆಯ ಹತ್ತಿರ ನೋಡಿ: ಕೆಲವು ಎಸಳು ಚೂಪು, ಅದರ ಪಕ್ಕದ್ದೇ ಗೋಡೆಯ ಜೊತೆ ಮಸುಕು, ಹಾರುವ ಕೂದಲು ಅಲ್ಲೇ ಕಾಣೆ. ನನ್ನಲ್ಲಿ ಮಸುಕು ಕಣ್ಣಿಂದ ಕೆನ್ನೆಗೆ, ಕೆನ್ನೆಯಿಂದ ಜಡೆಗೆ, ಜಡೆಯಿಂದ ಬಾಗಿಲಿಗೆ ಕ್ರಮವಾಗಿ ಏರುತ್ತೆ, ಯಾಕಂದರೆ ಅದು ದೂರದ ಲೆಕ್ಕ, ಊಹೆಯಲ್ಲ. ಫೋನು ದಿನದಿನಕ್ಕೆ ಸುಧಾರಿಸುತ್ತೆ ನಿಜ; ಆದರೆ ಅದು ಸುಧಾರಿಸೋದು ನಾನು ಮೊದಲಿಂದ ಮಾಡುತ್ತಿರೋದನ್ನ ನಕಲು ಮಾಡೋದರಲ್ಲಿ.

ಪ್ರಶ್ನೆ: ಕೈಯಲ್ಲಿ ಫೋಕಸ್ ಮಾಡುವ ನಿಧಾನವೇ ಫೋಟೊಗ್ರಾಫರನನ್ನು ಕಲಾವಿದನನ್ನಾಗಿ ಮಾಡುತ್ತದೆ ಎಂಬ ವಾದವೂ ಇದೆ.

ಹೀಲಿಯೋಸ್: ನನ್ನ ಅಭಿಮಾನಿಗಳ ಈ ವಾದವೇ ನನಗೆ ಹೆಚ್ಚು ಮುಜುಗರ. ನಿಧಾನ ಒಂದು ಗುಣ ಆಗಿದ್ದರೆ ನಮ್ಮ ಸರ್ಕಾರಿ ಕಚೇರಿಯಲ್ಲೆಲ್ಲ ಕಲಾವಿದರೇ ಇರಬೇಕಿತ್ತು. ನಿಧಾನದಿಂದ ಸಿಕ್ಕ ಸಮಯದಲ್ಲಿ ಏನು ನೋಡಿದಿರಿ ಅನ್ನೋದು ಮುಖ್ಯ. ಮೈಸೂರಿನ ವಿ.ಕೆ. ಮೂರ್ತಿ 1959ರ ‘ಕಾಗಜ್ ಕೆ ಫೂಲ್’ ಸಿನಿಮಾಕ್ಕೆ ಕನ್ನಡಿ ಹಿಡಿಸಿ ಹೊರಗಿನ ಬಿಸಿಲನ್ನೇ ಸ್ಟುಡಿಯೊದೊಳಗೆ ಕೋಲಿನಂತೆ ಇಳಿಸಿದರು. ಆ ದೃಶ್ಯ ನೋಡಿದವರು ಬೆಳಕಿನ ಮಾತಾಡುತ್ತಾರೆ, ಲೆನ್ಸಿನ ಮಾತು ಯಾರೂ ಎತ್ತಲ್ಲ. ಕನ್ನಡ ಲೇಖಕರ ಭಾವಚಿತ್ರ ತೆಗೆದ ಎ.ಎನ್. ಮುಕುಂದರ ಚಿತ್ರಗಳ ಎದುರು ನಿಂತಾಗಲೂ ಅಷ್ಟೇ. ಎದುರಿಗಿರೋದು ಮನುಷ್ಯ, ಹಿನ್ನೆಲೆಯ ಮಸುಕಲ್ಲ. ಪ್ರೀವೆಡ್ಡಿಂಗ್ ಶೂಟಿಗೆ ಕುಂದುವಾಡ ಕೆರೆಗೆ ಹೋಗಿ ಇಡೀ ಕೆರೆಯನ್ನ ಮಸುಕು ಮಾಡಿಕೊಂಡು ಬರೋರಿಗೆ ನನ್ನದೊಂದು ಪ್ರಶ್ನೆ: ಹಿಂದಿರೋದು ಏನೂ ಕಾಣಬಾರದು ಅಂದರೆ ಪೆಟ್ರೋಲು ಯಾಕೆ ಸುಟ್ಟಿರಿ? ಎಫ್/4ಕ್ಕೆ ಬನ್ನಿ, ಕೆರೆ ಕೆರೆಯಂತೆ ಸ್ವಲ್ಪ ಕಾಣಲಿ. ಎಂಟು ಬ್ಲೇಡು ನನಗೆ ಕೊಟ್ಟಿರೋದು ಮುಚ್ಚೋಕೂ ಹೌದು.

ಪ್ರಶ್ನೆ: ಕೊನೆಯದಾಗಿ, ನಿಮ್ಮ ಮುಂದಿರುವ ಚೀಟಿಯಲ್ಲಿ ‘ಅಪರೂಪ, ಹೊಸದರಂತಿದೆ’ ಎಂದು ಬರೆದು ಒಳ್ಳೆಯ ಬೆಲೆ ಹಾಕಿದ್ದಾರೆ. ಓದುಗರು ಕೊಳ್ಳಬಹುದೇ?

ಹೀಲಿಯೋಸ್: ಅಪರೂಪ ಅಲ್ಲ ಅಂತ ನೀವೇ ಮೊದಲು ಅನುಮಾನಪಟ್ಟಿರಿ, ಸರಿಯಾಗಿತ್ತು. ಮನೆಯ ಬೀರುವಿನಲ್ಲಿ ಹಳೆಯ ಫಿಲ್ಮ್ ಕ್ಯಾಮೆರಾದ 50 ಇದ್ದರೆ ಮೊದಲು ಅದಕ್ಕೊಂದು ಬಳೆ ತಂದು, ಎಪಿಎಸ್-ಸಿ ಇದ್ದರೆ ಅದೇ ಸಾಕಾಗುತ್ತಾ ಅಂತ ನೋಡಲಿ. ಫುಲ್ ಫ್ರೇಮ್ ಇದ್ದು, ಹಿಂದೆ ಮರ ಸಿಗೋ ಜಾಗ ಇದ್ದು, ಸುಳಿ ಬೇಕೇ ಬೇಕು ಅನ್ನೋರು ನನ್ನ ಹತ್ತಿರ ಬರಲಿ. ‘ಹೊಸದರಂತಿದೆ’ ಅನ್ನೋ ಮಾತಿಗೆ ಬಂದರೆ, ನನ್ನ ಹಿಂದಿನ ಗಾಜಿನ ಬಲ ಅಂಚಿನಲ್ಲಿ ಒಂದು ಎಳೆ ಬೂಷ್ಟಿದೆ. ಚೀಟಿ ಬರೆದವರು ಟಾರ್ಚ್ ಹಾಕಿ ನೋಡಿಲ್ಲ, ಅಥವಾ ನೋಡಿಯೂ ಬರೆದಿಲ್ಲ. ನೀವು ಅದನ್ನ ಅಚ್ಚು ಹಾಕಿಬಿಡಿ. ಬೆಲೆ ಇಳಿಸಬೇಕಾಗುತ್ತೆ ಅಂತ ಮಾಲೀಕರಿಗೆ ಸಿಟ್ಟು ಬರಬಹುದು. ಆದರೆ ಕೊಳ್ಳುವವನು ಕ್ಲೀನ್ ಮಾಡಿಸೋ ಖರ್ಚನ್ನ ಮೊದಲೇ ಲೆಕ್ಕ ಹಾಕಿ ಚೌಕಾಸಿ ಮಾಡಲಿ.