ಮೂರನೆಯ ಸಲ ಬಂದವನು

ಮದುವೆಮನೆಯಲ್ಲಿ ಮಾನ ಕಳೆದುಕೊಳ್ಳಲು ಊಟದ ಸಾಲಿನಲ್ಲಿ ನುಗ್ಗಲೇಬೇಕೆಂದಿಲ್ಲ. ಬೈಬಲ್ ಓದಿದರೂ ಸಾಕು.

ನಮ್ಮ ಸಭೆಯ ಮದುವೆಗಳಲ್ಲಿ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 13ನೆಯ ಅಧ್ಯಾಯವೆಂದರೆ ಬಾಳೆಲೆಯ ತುದಿಗೆ ಉಪ್ಪಿದ್ದ ಹಾಗೆ, ಬಡಿಸಲೇಬೇಕು. ಪ್ರೀತಿಗೆ ತಾಳ್ಮೆಯುಂಟು, ಅದು ಸಿಡುಕುವುದಿಲ್ಲ ಎಂದೆಲ್ಲ ಅದರಲ್ಲಿದೆ. ಕಳೆದ ನವೆಂಬರಿನಲ್ಲಿ ಅದನ್ನು ಓದುವ ಭಾಗ್ಯ ನನಗೆ ಬಂತು. ನಾನೋ, ಸ್ಕೂಟರನ್ನು ಯಾರದೋ ಗೇಟಿಗೆ ಅಡ್ಡ ನಿಲ್ಲಿಸಿ ಓಡಿ ಬಂದವನು. ಜೇಬಿನಲ್ಲಿ ಆಫೀಸಿನ ಫೋನು ಸಿಕ್ಕಿಬಿದ್ದ ಜೀರುಂಡೆಯಂತೆ ಗುಂಯ್‌ಗುಡುತ್ತಿತ್ತು. ಪುಸ್ತಕ ತೆರೆದೆ, ಕೊರಿಂಥ ಕಂಡಿತು, 13 ಕಂಡಿತು, ಶುರುಮಾಡಿಯೇ ಬಿಟ್ಟೆ.

ನಾನು ನಿಮ್ಮಲ್ಲಿಗೆ ಬರುತ್ತಿರುವುದು ಇದು ಮೂರನೆಯ ಸಲ, ಎನ್ನುತ್ತಾನೆ ಪೌಲ. ವಧುವಿನ ದೊಡ್ಡಪ್ಪ ಕನ್ನಡಕ ಸರಿಮಾಡಿಕೊಂಡು ವರನನ್ನೇ ದಿಟ್ಟಿಸಿದರು. ಮುಂದೆ ಎರಡು ಮೂರು ಸಾಕ್ಷಿಗಳ ಪ್ರಸ್ತಾಪ. ಅದರ ಬೆನ್ನಿಗೇ, ಈ ಸಲ ಬಂದರೆ ಯಾರನ್ನೂ ಸುಮ್ಮನೆ ಬಿಡುವುದಿಲ್ಲವೆಂಬ ಎಚ್ಚರಿಕೆ. ನನ್ನ ಬಾಯಿ ಎಕ್ಸ್‌ಪ್ರೆಸ್ ಬಸ್ಸಿನಂತೆ ಹೋಗುತ್ತಿದ್ದದ್ದರಿಂದ ಕಿವಿ ಹಿಂದಿನ ಸ್ಟಾಪಿನಲ್ಲೇ ಉಳಿದಿತ್ತು. ಕೊನೆಯಲ್ಲಿ, ಒಬ್ಬರನ್ನೊಬ್ಬರು ಪವಿತ್ರವಾದ ಮುದ್ದಿಟ್ಟು ವಂದಿಸಿರಿ ಎಂಬರ್ಥದ ಮಾತು ಬಂದು ಹಿಂದಿನ ಬೆಂಚಿನ ಹುಡುಗರು ಖುಷಿಯಲ್ಲಿ ಕೆಮ್ಮಿದಾಗಲೇ ಹೊಳೆದದ್ದು: ನಾನು ಓದಿದ್ದು ಎರಡನೆಯ ಪತ್ರಿಕೆ!

ಪೌಲನಾದರೂ ಒಂದೇ ಊರಿಗೆ ಎರಡೆರಡು ಪತ್ರ ಬರೆಯಬೇಕಿತ್ತೇ? ಬರೆದ ಎನ್ನಿ, ಎರಡನೆಯದು 12ನೆಯ ಅಧ್ಯಾಯಕ್ಕೇ ಮುಗಿದಿದ್ದರೆ ಯಾರ ಗಂಟು ಹೋಗುತ್ತಿತ್ತು? ಮನೆಗೆ ಬಂದು ಹೆಂಡತಿಯ ಮುಂದೆ ಈ ವಾದ ಮಂಡಿಸಿದೆ. "ತಾಳ್ಮೆಯ ಪಾಠ ಓದುವಷ್ಟೂ ತಾಳ್ಮೆಯಿಲ್ಲವಲ್ಲ ಮಾರಾಯ್ರೆ ನಿಮಗೆ" ಎಂದು ಅವಳು ಮೀನಿನ ಸಾರು ಬಿಸಿಗಿಟ್ಟಳು.

ನಮ್ಮ ಹಳೆಯ ಕನ್ನಡ ಬೈಬಲಿನಲ್ಲಿ ತಾಳ್ಮೆಗೆ 'ದೀರ್ಘಶಾಂತಿ' ಎಂದೊಂದು ಸೊಗಸಾದ ಪದವಿದೆ. ಚಿಕ್ಕಂದಿನಲ್ಲಿ ನನಗದು ಉದ್ದ ಜಡೆಯ ಯಾರೋ ಶಾಂತಿ ಟೀಚರ ಹೆಸರಿನಂತೆ ಕೇಳುತ್ತಿತ್ತು. ಗಲಾತ್ಯದವರ ಪತ್ರಿಕೆಯಲ್ಲಿ ಅದು ಬರುವುದು ಪವಿತ್ರಾತ್ಮನ ಫಲಗಳ ಪಟ್ಟಿಯಲ್ಲಿ. ಫಲವೆಂದಾಗ ನನಗೆ ನೆನಪಾಗುವುದು ಅಜ್ಜಿ. ಅವಳು ಹಲಸನ್ನು ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು, "ಇನ್ನು ನಾಲ್ಕು ದಿನ" ಎನ್ನುತ್ತಿದ್ದಳು. ನಾವೆಷ್ಟು ಗೋಗರೆದರೂ ಆ ನಾಲ್ಕು ಮೂರಾಗುತ್ತಿರಲಿಲ್ಲ. ಈಗ ಕಾರ್ಬೈಡ್ ಹಾಕಿ ರಾತ್ರಿ ಬೆಳಗಾಗುವುದರೊಳಗೆ ಹಣ್ಣು ಮಾಡುವವರಿದ್ದಾರೆ. ಮೇಲೆ ಬಂಗಾರದ ಬಣ್ಣ, ಕಚ್ಚಿದರೆ ಕಾಯಿ. ಅವರನ್ನು ಬೈಯುವ ಯೋಗ್ಯತೆ ನನಗಿಲ್ಲ. ಮಂಗಳೂರಿನ ಪಂಪ್‌ವೆಲ್ ದಾಟುವುದರೊಳಗೆ ಸ್ಕೂಟರಿನ ಮೇಲೆಯೇ ಕರ್ತನ ಪ್ರಾರ್ಥನೆ ಮುಗಿಸಿ, ಆಮೆನ್ ಬದಲು ಹಾರ್ನ್ ಒತ್ತುವ ಭಕ್ತ ನಾನು.

ಇದೇ ಮಂಗಳೂರಿನಲ್ಲಿ ಬೇರೆ ಅಳತೆಯ ಮನುಷ್ಯರೂ ಓಡಾಡಿದ್ದಾರೆ. ಬಾಸೆಲ್ ಮಿಶನ್ನಿನ ಫರ್ಡಿನಾಂಡ್ ಕಿಟೆಲ್ ಜರ್ಮನಿಯಿಂದ ಈ ದೇಶಕ್ಕೆ ಬಂದದ್ದು 1853ರಲ್ಲಿ, 21ರ ಹರೆಯದಲ್ಲಿ. ಸುಮಾರು 70,000 ಪದಗಳ ಅವನ ನಿಘಂಟು ಇಲ್ಲಿ ಅಚ್ಚಾಗಿ ಬಂದದ್ದು 1894ರಲ್ಲಿ. ಆಗ ಅವನಿಗೆ 62. ನಡುವೆ ಕ್ರಿಸ್ತನ ಕಥೆಯನ್ನು ಕನ್ನಡ ಪದ್ಯದಲ್ಲಿ ಬರೆದ, ನಾಗವರ್ಮನ ಛಂದಸ್ಸನ್ನು ಸಂಪಾದಿಸಿದ. ಸುವಾರ್ತೆ ಸಾರಲು ಬಂದವನಿಗೆ ಹುಳಿ, ಹುರುಳಿ, ಹುಲ್ಲುಗಳ ಅರ್ಥ ಬರೆಯುವ ಉಸಾಬರಿ ಯಾಕಪ್ಪಾ ಎಂದರೆ ಏನೆನ್ನುತ್ತಿದ್ದನೋ. ಪ್ರಾಯಶಃ ತಲೆಯೆತ್ತದೆ ಮುಂದಿನ ಪದಕ್ಕೆ ಹೋಗುತ್ತಿದ್ದ. ನಾನಂತೂ ಒಮ್ಮೆ ಆ ನಿಘಂಟಿನಲ್ಲಿ 'ತಾಳ್ಮೆ' ಹುಡುಕಹೊರಟು, ಸಿಗುವ ಮೊದಲೇ ಪುಸ್ತಕ ಮುಚ್ಚಿದ್ದೆ.

ಮದುವೆಯ ಮರುವಾರ ಸಭಾಪಾಲಕರು ಎದುರಾದರು. ಇನ್ನು ನನ್ನನ್ನು ಓದಲು ಕರೆಯಲಾರರು ಎಂಬ ಭಯವೂ, ಅದರಡಿಯಲ್ಲಿ ಸಣ್ಣ ನೆಮ್ಮದಿಯೂ ಇದ್ದವು. ಅವರು ನಕ್ಕು, "ಕ್ರಿಸ್‌ಮಸ್ ಹತ್ತಿರವಾಯಿತಲ್ಲ, ಮತ್ತಾಯನ ಮೊದಲನೆಯ ಅಧ್ಯಾಯ ನಿಮಗೇ" ಎಂದರು.

ಮತ್ತಾಯನ ಮೊದಲನೆಯ ಅಧ್ಯಾಯವೆಂದರೆ ಯೇಸುವಿನ ವಂಶಾವಳಿ. ಹದಿನಾಲ್ಕು ಹದಿನಾಲ್ಕರಂತೆ ಮೂರು ಕಂತು ತಲೆಮಾರು. ಓಡಿಸಿದರೆ ಅಮ್ಮಿನಾದಾಬನಲ್ಲೇ ನಾಲಗೆ ಪಲ್ಟಿ. ಹಾಗಾಗಿ ದಿನಾ ಬೆಳಗ್ಗೆ ಒಲೆಯ ಬಳಿ ನಿಂತು ಒಂದೊಂದೇ ಹೆಸರು ಬಿಡಿಸಿ ಓದತೊಡಗಿದೆ. ಅಬ್ರಹಾಮ, ದಾವೀದರ ಪ್ರತಾಪ ಎಲ್ಲರಿಗೂ ಗೊತ್ತು. ಆದರೆ ಕೊನೆಯ ಕಂತಿನಲ್ಲಿ ಅಜೋರ, ಅಖೀಮ, ಎಲಿಹೂದ ಎಂದು ಕೆಲವರಿದ್ದಾರೆ. ಯುದ್ಧ ಗೆದ್ದವರಲ್ಲ, ಕೀರ್ತನೆ ಕಟ್ಟಿದವರಲ್ಲ. ಏನು ಮಾಡಿದರೆಂದು ಮತ್ತಾಯ ಹೇಳುವುದಿಲ್ಲ. ಇದ್ದರು, ಒಬ್ಬ ಮಗನನ್ನು ಪಡೆದರು, ಅಷ್ಟೇ. ತಮ್ಮ ಸಾಲಿನ ತುದಿಯಲ್ಲಿ ಯಾರು ಬರುತ್ತಾರೆಂದು ತಿಳಿಯದೆಯೇ ಕಾದರು. ಇವರಲ್ಲಿ ಅಖೀಮನ ಮೇಲೆ ನನಗೆ ವಿಶೇಷ ಅಕ್ಕರೆ ಹುಟ್ಟಿದೆ. ನಮ್ಮ ಆಫೀಸಿನಲ್ಲಿದ್ದಿದ್ದರೆ ಅವನಿಗೂ ಪ್ರಮೋಷನ್ ಸಿಗುತ್ತಿರಲಿಲ್ಲ.

"ಎಲ್ಲಿಗೆ ಬಂದಿರಿ?" ಎಂದಳು ಹೆಂಡತಿ, ಒಳಗಿನಿಂದ.

"ಜೆರುಬ್ಬಾಬೆಲ."

"ಹಾಲು ಅದಕ್ಕಿಂತ ಮೊದಲೇ ಉಕ್ಕಿತು. ಸೊಲೊಮೋನನ ಹತ್ತಿರವೇ ಇಳಿಸಬೇಕಿತ್ತು."